ಕೀಳಡಿ: ಇಸವಿಯ ಜಗಳದಲ್ಲಿ ಮರೆಯಾಗುತ್ತಿರುವ ಊರು

2023ರ ಜನವರಿಯಲ್ಲಿ ಪುರಾತತ್ವ ಅಧಿಕಾರಿ ಕೆ. ಅಮರನಾಥ ರಾಮಕೃಷ್ಣ ತಮ್ಮ ಇಲಾಖೆಗೆ 982 ಪುಟಗಳ ವರದಿಯೊಂದನ್ನು ಕೊಟ್ಟರು. ಮದುರೈ ಹತ್ತಿರದ ಕೀಳಡಿಯಲ್ಲಿ ತಾವು ಎರಡು ಹಂತದಲ್ಲಿ ನಡೆಸಿದ ಅಗೆತದ ಲೆಕ್ಕವನ್ನೆಲ್ಲ ಅದರಲ್ಲಿ ಬರೆದಿದ್ದರು. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಕಾಲ ಆ ವರದಿ ಅಚ್ಚಾಗದೆ ಕೂತಿತು. 2025ರ ಮೇ ತಿಂಗಳಲ್ಲಿ ಅವರ ಇಲಾಖೆಯಾದ ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣೆ ಅವರಿಗೆ ಪತ್ರ ಬರೆಯಿತು. ವರದಿಯನ್ನು ತಿದ್ದಿ ಮತ್ತೆ ಕೊಡಿ ಎಂದಿತು. ನಾನು ಬರೆದದ್ದಕ್ಕೆ ಆಧಾರ ವರದಿಯಲ್ಲೇ ಇದೆ ಎಂದು ಅವರು ತಿರುಗಿ ಬರೆದರು. ಜೂನ್‌ನಲ್ಲಿ ಅವರಿಗೆ ಮತ್ತೆ ವರ್ಗವಾಯಿತು.

ಇಷ್ಟು ಸಾಕಾಯಿತು. ತಮಿಳುನಾಡಿನಲ್ಲಿ ದೊಡ್ಡ ಗದ್ದಲವೆದ್ದಿತು. ನಮ್ಮ ಇತಿಹಾಸವನ್ನು ದೆಹಲಿ ಮುಚ್ಚಿಡುತ್ತಿದೆ ಎಂದು ರಾಜ್ಯದ ಆಗಿನ ಆಡಳಿತ ಪಕ್ಷ ಡಿಎಂಕೆ ಬೀದಿಗಿಳಿಯಿತು. ಇನ್ನಷ್ಟು ವೈಜ್ಞಾನಿಕ ಸಾಕ್ಷಿ ಬೇಕು ಎಂದು ಕೇಂದ್ರದ ಸಂಸ್ಕೃತಿ ಸಚಿವ ಗಜೇಂದ್ರ ಸಿಂಗ್ ಶೇಖಾವತ್ ಹೇಳಿದರು. ಟಿವಿಯಲ್ಲಿ ಇಡೀ ವಿಷಯ ಒಂದೇ ಪ್ರಶ್ನೆಗೆ ಬಂದು ನಿಂತಿತು: ಕೀಳಡಿ ಎಷ್ಟು ಹಳೆಯದು? ಕ್ರಿ.ಪೂ. 800 ಅಂತ ಒಬ್ಬರು, 300 ಅಂತ ಇನ್ನೊಬ್ಬರು.

ಇಸವಿ ಮುಖ್ಯವೇ. ಆದರೆ ಈ ಜಗಳದಲ್ಲಿ ಎರಡು ಸಂಗತಿ ಕಳೆದುಹೋಗುತ್ತಿವೆ. ಒಂದು, ಅಲ್ಲಿ ಸಿಕ್ಕಿದ್ದು ಏನು ಅನ್ನುವುದು. ಇನ್ನೊಂದು, ಇಂಥ ಜಗಳ ತೀರಬೇಕಾದ ಜಾಗ ಯಾವುದು ಅನ್ನುವುದು. ಜಗಳ ತೀರಬೇಕಾದರೆ ವರದಿ ಅಚ್ಚಾಗಿ ಎಲ್ಲರ ಕೈಗೆ ಸಿಗಬೇಕು. ಅದನ್ನು ತಡೆದು ಇಟ್ಟಷ್ಟು ದಿನ ಎರಡೂ ಕಡೆಯವರು ತಮಗೆ ಬೇಕಾದ್ದನ್ನು ಹೇಳಿಕೊಂಡು ಹೋಗುತ್ತಾರೆ.

ತೆಂಗಿನ ತೋಪಿನ ಕೆಳಗೆ

ಕೀಳಡಿ ಇರುವುದು ಶಿವಗಂಗಾ ಜಿಲ್ಲೆಯಲ್ಲಿ, ಮದುರೈಯಿಂದ ಸುಮಾರು 12 ಕಿ.ಮೀ. ಆಗ್ನೇಯಕ್ಕೆ, ವೈಗೈ ನದಿಯ ಬದಿಯಲ್ಲಿ. 1970ರ ದಶಕದಲ್ಲೇ ಅಲ್ಲಿನ ಶಾಲೆಯ ಮೇಷ್ಟ್ರೊಬ್ಬರು ನೆಲ ಅಗೆದಾಗ ಸಿಕ್ಕ ಹಳೇ ವಸ್ತುಗಳನ್ನು ನೋಡಿ ಇಲಾಖೆಯ ಗಮನಕ್ಕೆ ತಂದಿದ್ದರು. ಆಗ ಅಗೆತವೇನೂ ಶುರುವಾಗಲಿಲ್ಲ.

2013-14ರಲ್ಲಿ ಪುರಾತತ್ವ ಸರ್ವೇಕ್ಷಣೆಯವರು ವೈಗೈ ನದಿಯನ್ನು ಮೂಲದಿಂದ ಕಡಲು ಸೇರುವವರೆಗೆ ಎರಡೂ ದಂಡೆಯಲ್ಲಿ ಸರ್ವೆ ಮಾಡಿದರು. 293 ಕಡೆ ಹಳೆಯ ಕುರುಹು ಸಿಕ್ಕಿತು. ಅವುಗಳಲ್ಲಿ ಅಗೆಯಲು ಆರಿಸಿಕೊಂಡದ್ದು ಕೀಳಡಿಯನ್ನು. ಅದೊಂದು ದೊಡ್ಡ ತೆಂಗಿನ ತೋಪು. ದಿಬ್ಬದ ವಿಸ್ತಾರ ಸುಮಾರು 110 ಎಕರೆ. ತೋಪು ಇದ್ದದ್ದರಿಂದ ಮೇಲೆ ಕಟ್ಟಡಗಳು ಏಳಲಿಲ್ಲ, ಕೆಳಗಿನ ಪದರಗಳು ಅಷ್ಟಾಗಿ ಕಲಕಿಹೋಗಲಿಲ್ಲ. ಮದುರೈಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಮೀನಾಕ್ಷಿ ಗುಡಿಯ ಸುತ್ತ ಜನ ಎಡೆಬಿಡದೆ ಬದುಕುತ್ತಿದ್ದಾರೆ. ಆ ಮನೆಗಳ ಕೆಳಗೆ ಏನಿದೆ ಅಂತ ಅಗೆದು ನೋಡುವುದು ಹೇಗೆ?

2015ರಲ್ಲಿ ಅಗೆತ ಶುರು ಮಾಡಿದ್ದು ಬೆಂಗಳೂರಿನಲ್ಲಿರುವ ಸರ್ವೇಕ್ಷಣೆಯ ಆರನೇ ಉತ್ಖನನ ಶಾಖೆ. ಅಮರನಾಥ ಅದರ ಮುಖ್ಯಸ್ಥರಾಗಿದ್ದರು. ಎರಡು ಹಂತ ಮುಗಿಯುವಷ್ಟರಲ್ಲಿ ಇಟ್ಟಿಗೆ ಗೋಡೆಗಳ ಸಾಲು, ಬಾವಿ, ಚರಂಡಿ ಎಲ್ಲ ಹೊರಬಂದವು. ತಮಿಳುನಾಡಿನಲ್ಲಿ ಅಲ್ಲಿವರೆಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಸಮಾಧಿಗಳು. ಆದಿಚ್ಚನಲ್ಲೂರು ಅಂದರೆ ಹೂತ ಗುಡಾಣಗಳ ಬಯಲು. ಸತ್ತವರ ಬಗ್ಗೆ ಗೊತ್ತಿತ್ತು, ಬದುಕಿದ್ದಾಗ ಅವರು ಎಲ್ಲಿದ್ದರು, ಹೇಗಿದ್ದರು ಅನ್ನುವುದು ಅಷ್ಟಾಗಿ ಗೊತ್ತಿರಲಿಲ್ಲ. ಕೀಳಡಿಗೆ ಅಷ್ಟು ಹೆಸರು ಬರಲು ಇದೇ ಮೊದಲ ಕಾರಣ.

2017ರಲ್ಲಿ ಅಮರನಾಥರನ್ನು ಅಸ್ಸಾಂಗೆ ವರ್ಗ ಮಾಡಿದರು. ಮೂರನೇ ಹಂತವನ್ನು ಬೇರೆ ಅಧಿಕಾರಿ ಪಿ.ಎಸ್. ಶ್ರೀರಾಮನ್ ನಡೆಸಿದರು. ಹಿಂದಿನ ಕಟ್ಟಡಗಳ ಮುಂದುವರಿಕೆ ಸಿಗಲಿಲ್ಲ ಎಂದು ಹೇಳಿ ಅದನ್ನು ಮುಗಿಸಿದರು. ಕೇಂದ್ರದ ಅಗೆತ ಅಲ್ಲಿಗೆ ನಿಂತಿತು. 2018ರಿಂದ ರಾಜ್ಯದ ಪುರಾತತ್ವ ಇಲಾಖೆ ಕೈಗೆತ್ತಿಕೊಂಡಿತು. ಅವರ ಮೊದಲ ವರ್ಷವೇ, ಅಂದರೆ ನಾಲ್ಕನೇ ಹಂತದಲ್ಲಿ, 5,800ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. 2024ರಲ್ಲಿ ಹತ್ತನೇ ಹಂತ ಶುರುವಾಯಿತು. ಏನೂ ಇಲ್ಲ ಎಂದು ಬಿಟ್ಟ ಜಾಗದಲ್ಲಿ ಮತ್ತೆ ಏಳು ಹಂತ ಅಗೆದರು ಅನ್ನುವುದನ್ನು ನೆನಪಿಟ್ಟುಕೊಂಡರೆ ತಮಿಳರ ಸಿಟ್ಟು ಎಲ್ಲಿಂದ ಬಂತು ಅಂತ ಅರ್ಥವಾಗುತ್ತದೆ. ಅದು ಸುಮ್ನೆ ಹುಟ್ಟಿದ ಸಿಟ್ಟಲ್ಲ.

ಒಂದು ವಿಷಯ ಗಮನಿಸಬೇಕು. ಇದು ಒಂದು ಪಕ್ಷದ ಹಟ ಅಂತ ಹೊರಗಿನವರು ತಿಳಿದಿದ್ದಾರೆ. ಆದರೆ 2019ರಲ್ಲಿ ನಾಲ್ಕನೇ ಹಂತದ ವರದಿಯನ್ನು ಬಿಡುಗಡೆ ಮಾಡಿದ್ದು ಅಣ್ಣಾ ಡಿಎಂಕೆ ಸರ್ಕಾರ. 2023ರ ಮಾರ್ಚ್‌ನಲ್ಲಿ ಕೀಳಡಿ ಮ್ಯೂಸಿಯಂ ಉದ್ಘಾಟಿಸಿದ್ದು ಡಿಎಂಕೆಯ ಮುಖ್ಯಮಂತ್ರಿ ಸ್ಟಾಲಿನ್. ಕೀಳಡಿಯ ವಿಷಯದಲ್ಲಿ ಎರಡೂ ಪಕ್ಷ ಒಂದೇ ದಾರಿ ಹಿಡಿದಿವೆ.

ಮಡಕೆ ಮೇಲೆ ಹೆಸರು ಬರೆದವರು

ಹಾಗಾದರೆ ಅಲ್ಲಿ ಸಿಕ್ಕಿದ್ದು ಏನು?

ಸುಟ್ಟ ಇಟ್ಟಿಗೆಯ ಗೋಡೆ, ನೆಲಗಟ್ಟು, ತೊಟ್ಟಿಗಳು. ಸುಟ್ಟ ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಬಾವಿಗಳು. ನೀರು ಹರಿಯಲು ಮಣ್ಣಿನ ಕೊಳವೆ. ಕುಸಿದು ಬಿದ್ದ ಹೆಂಚುಗಳು. ಹೆಂಚಿಗೆ ತೂತು ಇರುವುದರಿಂದ ಅವನ್ನು ಮರದ ತೊಲೆಗೆ ಕಟ್ಟುತ್ತಿದ್ದರು ಎಂದು ಊಹಿಸಬಹುದು. ನೂಲು ತೆಗೆಯುವ ಕದಿರಿನ ಬಿಲ್ಲೆಗಳು, ಮೂಳೆಯ ಚೂಪು ಸಾಧನಗಳು, ತಾಮ್ರದ ಸೂಜಿ, ಮಗ್ಗಕ್ಕೆ ತೂಗುಬಿಡುವ ಕಲ್ಲುಗುಂಡುಗಳು. ಇವೆಲ್ಲ ಒಟ್ಟಿಗೆ ಸಿಕ್ಕಿರುವುದರಿಂದ ಅಲ್ಲಿ ನೇಯ್ಗೆ ದೊಡ್ಡ ಕಸುಬಾಗಿತ್ತು ಎಂದು ಹೇಳುತ್ತಾರೆ. ಆನೆ ದಂತದ ದಾಳ, ಆಟದ ಕಾಯಿ, ಶಂಖದ ಬಳೆ, ಒಂದಿಷ್ಟು ಚಿನ್ನದ ತುಂಡು ಒಡವೆಗಳೂ ಇವೆ. ಕೆಂಪು ಕಾರ್ನೀಲಿಯನ್ ಮಣಿಗಳು ಬಂದದ್ದು ಗುಜರಾತ್, ಮಹಾರಾಷ್ಟ್ರದ ಕಡೆಯಿಂದ ಇರಬೇಕು. ರೋಮಿನ ವ್ಯಾಪಾರದ ಕಾಲದ ಮಡಕೆ ಚೂರುಗಳೂ ಇವೆ. 2021ರಲ್ಲಿ ಮುದ್ರೆ ಒತ್ತಿದ ಬೆಳ್ಳಿ ನಾಣ್ಯವೊಂದು ಸಿಕ್ಕಿತು. ಉತ್ತರದ ಜೊತೆ ಕೊಡುಕೊಳ್ಳುವಿಕೆ ಇತ್ತು ಎನ್ನಲು ಅದು ಗಟ್ಟಿ ಸಾಕ್ಷಿ.

ಮೂಳೆಗಳನ್ನು ಪುಣೆಯ ಡೆಕ್ಕನ್ ಕಾಲೇಜಿನವರು ನೋಡಿದರು. ದನ, ಎಮ್ಮೆ, ಕುರಿ, ಆಡು ಜಾಸ್ತಿ. ಜೊತೆಗೆ ಕೃಷ್ಣಮೃಗ, ಕಾಡುಹಂದಿ, ನವಿಲು. ಕೆಲವು ಮೂಳೆಗಳ ಮೇಲೆ ಕತ್ತರಿಸಿದ ಗುರುತಿದೆ. ಹೈನು ಸಾಕುತ್ತಿದ್ದರು, ಮಾಂಸ ತಿನ್ನುತ್ತಿದ್ದರು, ಬೇಟೆಗೂ ಹೋಗುತ್ತಿದ್ದರು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಮಡಕೆ ಚೂರುಗಳು. ನಾಲ್ಕನೇ ಹಂತ ಒಂದರಲ್ಲೇ ತಮಿಳು ಬ್ರಾಹ್ಮಿ, ಅಂದರೆ ತಮಿಳು ಬರೆಯಲು ಬಳಸಿದ ಹಳೆಯ ಲಿಪಿಯ ಅಕ್ಷರ ಕೊರೆದ 56 ಚೂರು ಸಿಕ್ಕವು. ಅವುಗಳಲ್ಲಿ ಓದಲು ಬರುವಂಥವು ಬಹುಪಾಲು ಜನರ ಹೆಸರುಗಳು. ಆದನ್, ಕುವಿರನ್ ಆದನ್, ಹೀಗೆ. ಮಡಕೆಯನ್ನು ಸುಟ್ಟ ಮೇಲೆ ಚೂಪಾದ ಏನೋ ಒಂದರಿಂದ ಕೆರೆದು ಬರೆದವೂ ಇವೆ. ಅಂದರೆ ಕುಂಬಾರನೊಬ್ಬನೇ ಬರೆಯಲಿಲ್ಲ, ಮಡಕೆ ಕೊಂಡವರೂ ತಮ್ಮ ಹೆಸರು ಕೆರೆದುಕೊಂಡರು. ಕೈಬರಹ ಒಂದರಂತೆ ಒಂದಿಲ್ಲ. ಹಲವು ಕೈಗಳು ಬರೆದಿವೆ.

ಕನ್ನಡದ ನೆಲದಲ್ಲಿ ನಿಂತು ನೋಡಿದರೆ ಇದರ ಬೆಲೆ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ. ಅಶೋಕನ ಶಾಸನಗಳು ನಮ್ಮಲ್ಲಿ ಎಷ್ಟೊಂದಿವೆ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳ, ನಿಟ್ಟೂರು, ಸನ್ನತಿ. ಎಲ್ಲವೂ ಪ್ರಾಕೃತದಲ್ಲಿವೆ, ಎಲ್ಲವೂ ದೊರೆಯ ಮಾತು. ಬ್ರಹ್ಮಗಿರಿಯ ಶಾಸನ ಬರೆದ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಕ್ಷರ ಆಗ ನಮ್ಮಲ್ಲಿಗೆ ಅರಮನೆಯ ಕಡೆಯಿಂದ ಬಂದ ವಸ್ತು. ಕನ್ನಡದ್ದೇ ಶಾಸನ ಸಿಗಲು ಅಲ್ಲಿಂದ ಆರೇಳು ನೂರು ವರ್ಷ ಕಾಯಬೇಕು. ಆದರೆ ಕೀಳಡಿಯಲ್ಲಿ, ತಮಿಳುನಾಡಿನಲ್ಲೇ ಅಗೆದ ಬೇರೆ ಊರುಗಳಾದ ಕೊಡುಮನಾಲಿನಲ್ಲಿ, ಪೊರುಂದಲಿನಲ್ಲಿ ಜನ ತಮ್ಮದೇ ನುಡಿಯಲ್ಲಿ ಅಡಿಗೆ ಮಡಕೆಗಳ ಮೇಲೆ ಹೆಸರು ಗೀಚಿದ್ದಾರೆ. ಅದು ಕ್ರಿ.ಪೂ. 500ರಲ್ಲಾಗಲಿ, 300ರಲ್ಲಾಗಲಿ, ದೊರೆಯ ಅಪ್ಪಣೆ ಇಲ್ಲದೆ ಅಕ್ಷರ ಬೀದಿಗೆ ಬಂದಿತ್ತು. ಭಾರತದಲ್ಲಿ ಬೇರೆ ಕಡೆ ಇಷ್ಟು ಹಿಂದೆ ಇಂಥದ್ದು ಈ ಪ್ರಮಾಣದಲ್ಲಿ ಸಿಕ್ಕಿಲ್ಲ. ಇಸವಿಯ ಜಗಳ ಯಾರ ಪರವಾಗಿ ತೀರಿದರೂ ಈ ಮಾತು ಉಳಿಯುತ್ತದೆ.

580 ಅನ್ನುವ ಅಂಕಿ ಎಲ್ಲಿಂದ ಬಂತು

ಈಗ ಇಸವಿಗೆ ಬರೋಣ. ರಾಜ್ಯ ಇಲಾಖೆ ನಾಲ್ಕನೇ ಹಂತದಲ್ಲಿ ಸಿಕ್ಕ ಇದ್ದಿಲಿನ ಆರು ಮಾದರಿಗಳನ್ನು ಅಮೆರಿಕದ ಫ್ಲೋರಿಡಾದಲ್ಲಿರುವ ಬೀಟಾ ಅನಲಿಟಿಕ್ ಲ್ಯಾಬಿಗೆ ಕಳಿಸಿತು. 353 ಸೆಂಟಿಮೀಟರ್ ಆಳದಿಂದ ತೆಗೆದ ಒಂದು ಮಾದರಿಗೆ ಕ್ರಿ.ಪೂ. 580 ಎಂಬ ಕಾಲ ಬಂತು. ಉಳಿದವು ಅದಕ್ಕಿಂತ ಈಚಿನವು. ಇದರ ಮೇಲೆ ಇಲಾಖೆ ಎರಡು ಮಾತು ಹೇಳಿತು. ಊರು ಕ್ರಿ.ಪೂ. ಆರನೇ ಶತಮಾನದ್ದು. ತಮಿಳು ಬ್ರಾಹ್ಮಿ ಬರಹವೂ ಅಷ್ಟೇ ಹಳೆಯದು.

ಆರನೇ ಶತಮಾನಕ್ಕೆ ಯಾಕಿಷ್ಟು ಬೆಲೆ? ಸಿಂಧೂ ನಗರಗಳು ಅಳಿದ ಮೇಲೆ ಭಾರತದಲ್ಲಿ ಮತ್ತೆ ಪಟ್ಟಣಗಳು ಎದ್ದದ್ದು ಗಂಗಾ ಬಯಲಿನಲ್ಲಿ, ಸುಮಾರು ಕ್ರಿ.ಪೂ. ಆರನೇ ಶತಮಾನದಲ್ಲಿ ಎಂದು ಪುಸ್ತಕಗಳು ಹೇಳುತ್ತವೆ. ದಕ್ಷಿಣದಲ್ಲಿ ಪಟ್ಟಣಗಳು ಬಂದದ್ದು ಮೌರ್ಯರ ಸಂಪರ್ಕದ ನಂತರ, ಅಂದರೆ ಕ್ರಿ.ಪೂ. ಮೂರನೇ ಶತಮಾನದ ಹೊತ್ತಿಗೆ ಅನ್ನುವುದು ಹಳೆಯ ತಿಳಿವಳಿಕೆ. ಬರಹವೂ ಹಾಗೆಯೇ, ಅಶೋಕನ ಕಾಲದ ಆಸುಪಾಸಿನಲ್ಲಿ ಉತ್ತರದಿಂದ ಬಂತು ಅಂತ. ಕೀಳಡಿಯ ಕಾಲ ನಿಜವಾದರೆ ವೈಗೈ ದಂಡೆಯ ಪಟ್ಟಣ ಗಂಗೆಯ ಪಟ್ಟಣಗಳಿಗೆ ಸರಿಸಮ ಹಳೆಯದಾಗುತ್ತದೆ. ಬರಹ ಉತ್ತರದಿಂದ ಬಂತು ಅನ್ನುವ ಕತೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಜಗಳ ಇಷ್ಟು ಬಿಸಿಯಾಗಿರುವುದಕ್ಕೆ ಕಾರಣ ಇದೇ.

ಒಂಟಿ ಸಾಕ್ಷಿ ಏನಲ್ಲ ಇದು. ಪಳನಿ ಹತ್ತಿರದ ಪೊರುಂದಲಿನಲ್ಲಿ ಕೆ. ರಾಜನ್ ಅವರ ತಂಡ ಅಗೆದಾಗ ಒಂದು ಸಮಾಧಿಯಲ್ಲಿ ಮಡಕೆ ತುಂಬ ಭತ್ತ ಸಿಕ್ಕಿತು. ಅದೇ ಸಮಾಧಿಯಲ್ಲಿ ಬ್ರಾಹ್ಮಿ ಅಕ್ಷರ ಇದ್ದ ವಸ್ತುವೂ ಇತ್ತು. ಭತ್ತದ ಕಾಲ ಕ್ರಿ.ಪೂ. 490 ಎಂದು ಬಂತು. ಶ್ರೀಲಂಕಾದ ಅನುರಾಧಪುರದಲ್ಲೂ ಅಶೋಕನಿಗಿಂತ ಹಿಂದಿನ ಪದರಗಳಲ್ಲಿ ಬ್ರಾಹ್ಮಿ ಬರೆದ ಚೂರುಗಳು ಸಿಕ್ಕಿವೆ. ಬ್ರಾಹ್ಮಿ ಅಶೋಕನಿಗಿಂತ ಹಳೆಯದಿರಬಹುದು ಅನ್ನುವುದು ಬರೀ ತಮಿಳರ ಹೆಮ್ಮೆಯ ಮಾತಲ್ಲ. ಜಗತ್ತಿನ ಬೇರೆ ವಿದ್ವಾಂಸರೂ ಅದನ್ನು ಗಂಭೀರವಾಗಿ ತಗೊಂಡಿದ್ದಾರೆ.

ಹಾಗಂತ ತೊಂದರೆ ಇಲ್ಲವೇ? ಇದೆ, ಮತ್ತು ಅದು ನಿಜವಾದ ತೊಂದರೆ. ಟಿವಿ ಚರ್ಚೆಗಳಲ್ಲಿ ಇದು ಬರುವುದೇ ಇಲ್ಲ.

ಜೀವ ಇರುವ ಯಾವುದೇ ವಸ್ತು ಗಾಳಿಯಿಂದ, ಆಹಾರದಿಂದ ಕಾರ್ಬನ್-14 ಅನ್ನು ತಗೊಳ್ಳುತ್ತಿರುತ್ತದೆ. ಸತ್ತ ಮೇಲೆ ಅದು ಕ್ರಮವಾಗಿ ಕಮ್ಮಿಯಾಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ. ಎಷ್ಟು ಉಳಿದಿದೆ ಅಂತ ಅಳೆದರೆ ಸತ್ತು ಎಷ್ಟು ಕಾಲವಾಯಿತು ಅಂತ ಹೇಳಬಹುದು. ಆದರೆ ಗಾಳಿಯಲ್ಲಿ ಕಾರ್ಬನ್-14 ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲ. ಅದಕ್ಕೆ ಮರದ ಉಂಗುರಗಳ ಲೆಕ್ಕದಿಂದ ತಯಾರಿಸಿದ ಒಂದು ವಕ್ರರೇಖೆಯ ಜೊತೆ ಹೋಲಿಸಿ ಇಸವಿ ತೆಗೆಯುತ್ತಾರೆ. ದುರದೃಷ್ಟ ಏನೆಂದರೆ, ಆ ರೇಖೆ ಕ್ರಿ.ಪೂ. 800ರಿಂದ 400ರವರೆಗೆ ಹೆಚ್ಚುಕಡಿಮೆ ಚಪ್ಪಟೆಯಾಗಿದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಊರಿನ ಹೆಸರಿನಿಂದ ವಿಜ್ಞಾನಿಗಳು ಇದನ್ನು ಕರೆಯುತ್ತಾರೆ. ಈ ನಾನ್ನೂರು ವರ್ಷಗಳ ಒಳಗೆ ಒಂದು ಮರ ಯಾವಾಗ ಸತ್ತಿದ್ದರೂ ಅಳತೆ ಬಹುತೇಕ ಒಂದೇ ಥರ ಬರಬಹುದು. ಕ್ರಿ.ಪೂ. 750ರ ಇದ್ದಿಲನ್ನೂ 450ರ ಇದ್ದಿಲನ್ನೂ ಬೇರೆ ಮಾಡಿ ಹೇಳುವುದು ಕಷ್ಟ.

ಕೀಳಡಿ ಸರಿಯಾಗಿ ಈ ಚಪ್ಪಟೆ ಜಾಗದಲ್ಲೇ ಬಂದು ಬಿದ್ದಿದೆ. ಆದ್ದರಿಂದ 580 ಅನ್ನುವ ಒಂದು ಅಂಕಿಯನ್ನು ಹುಟ್ಟಿದ ತಾರೀಖಿನ ಹಾಗೆ ಹಿಡಿದು ಕೂರುವುದು ತಪ್ಪು. ಹಾಗೆಯೇ 300ಕ್ಕಿಂತ ಹಿಂದೆ ಹೋಗುವಂತಿಲ್ಲ ಅನ್ನುವುದಕ್ಕೂ ಈ ಅಳತೆ ಬೆಂಬಲ ಕೊಡುವುದಿಲ್ಲ. ಇದರಿಂದ ಹೊರಬರುವ ದಾರಿ ಗೊತ್ತಿರುವುದೇ. ಒಂದೇ ಗುಂಡಿಯ ಮೇಲಿನ, ನಡುವಿನ, ಕೆಳಗಿನ ಪದರಗಳಿಂದ ತುಂಬ ಮಾದರಿ ತೆಗೆಯಬೇಕು. ಕೆಳಗಿನದು ಮೇಲಿನದಕ್ಕಿಂತ ಹಳೆಯದು ಅನ್ನುವ ನಿಯಮವನ್ನು ಲೆಕ್ಕಕ್ಕೆ ಸೇರಿಸಿ ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕು. ಆಗ ನಾನ್ನೂರು ವರ್ಷದ ಅಗಲ ಬಹಳಷ್ಟು ಕಮ್ಮಿಯಾಗುತ್ತದೆ. ಬೆಳಕು ಕೊನೆಗೆ ಯಾವಾಗ ತಾಗಿತು ಅಂತ ಮರಳಿನ ಕಣದಿಂದಲೇ ಅಳೆಯುವ ಇನ್ನೊಂದು ವಿಧಾನವೂ ಇದೆ. ಅದಕ್ಕೆ ಕಾರ್ಬನ್‌ನ ಈ ತೊಡಕಿಲ್ಲ.

ಅಮರನಾಥರ ವರದಿಯಲ್ಲಿ 23 ಕಾಲಮಾಪನಗಳಿವೆ ಎಂದು ಸುದ್ದಿಯಾಗಿದೆ. ಅವರು ಊರಿನ ಬಾಳನ್ನು ಮೂರು ಘಟ್ಟ ಮಾಡಿದ್ದಾರೆ. ಕ್ರಿ.ಪೂ. ಎಂಟರಿಂದ ಐದನೇ ಶತಮಾನ, ಐದರಿಂದ ಒಂದನೇ ಶತಮಾನ, ಕ್ರಿ.ಪೂ. ಒಂದರಿಂದ ಕ್ರಿ.ಶ. ಮೂರನೇ ಶತಮಾನ. ಪುರಾತತ್ವ ಸರ್ವೇಕ್ಷಣೆಯ ತಕರಾರು ಹೆಚ್ಚಾಗಿ ಮೊದಲ ಘಟ್ಟದ ಮೇಲೆ. ಅದಕ್ಕೆ ಸರಿಯಾದ ಸಮರ್ಥನೆ ಇಲ್ಲ, ಅತಿ ಹಳೆಯದು ಅಂದರೂ ಕ್ರಿ.ಪೂ. 300ಕ್ಕೆ ಸ್ವಲ್ಪ ಹಿಂದೆ ಇರಬಹುದು ಎಂದು ಪತ್ರದಲ್ಲಿದೆ. ಮಾದರಿ ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಹೇಳಿದರೆ ಸಾಲದು, ಯಾವ ಪದರದಲ್ಲಿ ಅಂತಲೂ ಹೇಳಬೇಕು ಎಂದೂ ಇದೆ.

ಈ ಕೊನೆಯ ಮಾತು ನ್ಯಾಯವಾದದ್ದು. ಆಳಕ್ಕೂ ಪದರಕ್ಕೂ ವ್ಯತ್ಯಾಸ ಇದೆ. ಮೂರು ಮೀಟರ್ ಆಳದ ಒಂದು ಕಸದ ಗುಂಡಿಯನ್ನು ಈಚಿನ ಕಾಲದವರೇ ತೋಡಿರಬಹುದು. ಇದ್ದಿಲು ಸಿಕ್ಕ ಪದರದಲ್ಲೇ ಅಕ್ಷರದ ಚೂರೂ ಸಿಕ್ಕಿತೇ, ಅದು ಮೇಲಿನಿಂದ ಜಾರಿದ್ದೇ ಅನ್ನುವುದನ್ನು ನೋಡದೆ ಬರಹದ ಕಾಲ ಹೇಳಲು ಬರುವುದಿಲ್ಲ. ಆದರೆ ಈ ಪ್ರಶ್ನೆಯನ್ನು ವರದಿ ಕೊಟ್ಟು ಎರಡು ವರ್ಷ ದಾಟಿದ ಮೇಲೆ ಎತ್ತಿದ್ದು ಯಾಕೆ? ಎತ್ತಿದ ಮೇಲೂ ಅಗೆದವರಿಗೆ ತಿದ್ದು ಎಂದು ಹೇಳುವ ಬದಲು, ವರದಿಯನ್ನೂ ತಕರಾರನ್ನೂ ಒಟ್ಟಿಗೆ ಪ್ರಕಟಿಸಬಹುದಿತ್ತಲ್ವಾ? ಅಗೆದವರು ಒಂದು ಕಾಲ ಹೇಳುತ್ತಾರೆ, ಬೇರೆ ವಿದ್ವಾಂಸರು ಅದನ್ನು ಒಪ್ಪದೆ ಬರೆಯುತ್ತಾರೆ. ವಿದ್ಯೆ ಬೆಳೆಯುವುದೇ ಹಾಗೆ. ಮೇಲಧಿಕಾರಿಯ ಪತ್ರದಿಂದ ಇಸವಿ ಬದಲಾದರೆ ಆ ಇಸವಿಯನ್ನು ಆಮೇಲೆ ಯಾರೂ ನಂಬುವುದಿಲ್ಲ, ಅದು ಸರಿ ಇದ್ದರೂ ನಂಬುವುದಿಲ್ಲ.

ಕೀಳಡಿ ಹೇಳದ ಮಾತುಗಳು

ತಮಿಳುನಾಡಿನ ಕಡೆಯಿಂದಲೂ ಅತಿಯಾದ ಮಾತುಗಳು ಬಂದಿವೆ. ಕೀಳಡಿಯನ್ನು ಪ್ರೀತಿಸುವವರೇ ಅವನ್ನು ತಡೆಯಬೇಕು.

ತಮಿಳಿನ ಅತಿ ಹಳೆಯ ಕಾವ್ಯವಾದ ಸಂಗಂ ಕವಿತೆಗಳ ಕಾಲ ಮುನ್ನೂರು ವರ್ಷ ಹಿಂದಕ್ಕೆ ಹೋಯಿತು ಅನ್ನುವುದು ಮೊದಲನೆಯದು. ಒಂದು ಊರಿನ ಇಟ್ಟಿಗೆ ಹಳೆಯದಾದರೆ ಆ ಸೀಮೆಯ ಕವಿತೆಯೂ ಅಷ್ಟೇ ಹಳೆಯದು ಆಗುವುದಿಲ್ಲ. ಮದುರೈಕ್ಕಾಂಚಿ ಎಂಬ ಸಂಗಂ ಕವಿತೆಯಲ್ಲಿ ಕವಿ ಮಾಂಗುಡಿ ಮರುದನಾರ್ ಬಣ್ಣಿಸಿದ ಮದುರೈಯಲ್ಲಿ ಕೋಟೆ, ಬಾವುಟ ಹಾರಾಡುವ ಅಂಗಡಿ ಬೀದಿ, ಹಗಲು ಸಂತೆ, ಇರುಳು ಸಂತೆ ಎಲ್ಲ ಇವೆ. ಓದಲು ಸೊಗಸಾದ ಕಾವ್ಯ. ಕೀಳಡಿಯಲ್ಲಿ ಕೋಟೆ ಸಿಕ್ಕಿಲ್ಲ, ಅರಮನೆ ಸಿಕ್ಕಿಲ್ಲ. ಇದೇ ಹಳೆಯ ಮದುರೈ ಎಂದು ಹೇಳುವವರಿದ್ದಾರೆ. ಹಾಗೆ ಹೇಳುವ ಬರಹ ಒಂದೂ ಮಣ್ಣಿನಿಂದ ಬಂದಿಲ್ಲ. ಮದುರೈಯನ್ನು ಆಳಿದ ಪಾಂಡ್ಯರ ಬಗ್ಗೆ ಗಟ್ಟಿಯಾಗಿ ಹೇಳಬಹುದಾದ್ದು ಬೇರೆ ಕಡೆ ಇದೆ. ಕ್ರಿ.ಪೂ. 300ರ ಹೊತ್ತಿಗೆ ಮೆಗಸ್ತನೀಸ್ ಪಾಂಡ್ಯರ ನಾಡನ್ನು ಹೆಸರಿಸಿದ್ದಾನೆ. ಅಶೋಕನ ಎರಡನೇ ಶಿಲಾಶಾಸನ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನು ತನ್ನ ರಾಜ್ಯದ ಗಡಿಯಾಚೆಯವರು ಎನ್ನುತ್ತದೆ. ಮದುರೈ ಹತ್ತಿರದ ಮಾಂಗುಳಂ ಗುಡ್ಡದ ಗುಹೆಯಲ್ಲಿ ಜೈನ ಸನ್ಯಾಸಿಗಳಿಗೆ ಕಲ್ಲುಹಾಸಿಗೆ ಕೊಡಿಸಿದ ದಾನದ ಬರಹವಿದೆ. ಅದರಲ್ಲಿ ನೆಡುಂಚೆಳಿಯನ್ ಎಂಬ ದೊರೆಯ ಹೆಸರು ಬರುತ್ತದೆ. ಅದು ಸುಮಾರು ಕ್ರಿ.ಪೂ. ಎರಡನೇ ಶತಮಾನದ್ದು. ಇವುಗಳ ಪಕ್ಕದಲ್ಲಿ ಕೀಳಡಿಯನ್ನು ಇಟ್ಟು ನೋಡಿದರೆ ಚಿತ್ರ ತುಂಬಿಕೊಳ್ಳುತ್ತದೆ. ರಾಜಧಾನಿ ಬೇರೆ ಕಡೆ ಇದ್ದು, ಅದರ ಹತ್ತಿರ ನೇಯುವವರು, ಮಣಿ ಮಾಡುವವರು, ವ್ಯಾಪಾರಿಗಳು ಇದ್ದ ಪಟ್ಟಣ ಇದಾಗಿರಬಹುದು.

ಎರಡನೆಯದು ಸಿಂಧೂ ನಂಟು. ಕೀಳಡಿಯ ನಾಲ್ಕನೇ ಹಂತದಲ್ಲಿ ಸಾವಿರದಷ್ಟು ಚೂರುಗಳ ಮೇಲೆ ಅಕ್ಷರವಲ್ಲದ ಗೀರು ಗುರುತುಗಳಿವೆ. ಏಣಿ, ಮೀನು, ಬಾಣ, ಚೌಕದಂಥವು. ಸಿಂಧೂ ಮುದ್ರೆಗಳ ಗುರುತುಗಳನ್ನು ಇವು ಹೋಲುತ್ತವೆ ಎಂದು ರಾಜ್ಯ ಇಲಾಖೆ ವಾದಿಸುತ್ತದೆ. ಸಿಂಧೂ ಲಿಪಿ ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ 2025ರ ಜನವರಿಯಲ್ಲಿ ಸ್ಟಾಲಿನ್ ಘೋಷಿಸಿದರು. ಒಳ್ಳೆಯದೇ, ಯಾರಾದರೂ ಬಿಡಿಸಲಿ. ಆದರೆ ಸಿಂಧೂ ನಗರಗಳು ಕಳೆಗುಂದಿದ್ದು ಕ್ರಿ.ಪೂ. 1900ರ ಸುಮಾರಿಗೆ. ಕೀಳಡಿಗೂ ಅದಕ್ಕೂ ಸಾವಿರ ವರ್ಷಕ್ಕೂ ಮಿಕ್ಕಿದ ಅಂತರ. ಏಣಿ, ಚೌಕದಂಥ ಸುಲಭದ ಗುರುತುಗಳನ್ನು ಯಾರು ಬೇಕಾದರೂ ತಾವೇ ಕಂಡುಕೊಳ್ಳಬಹುದು. ನಡುವಿನ ಕಾಲದ ಕೊಂಡಿ ಸಿಗುವವರೆಗೆ ಇದು ಊಹೆ ಮಾತ್ರ.

ಇನ್ನೊಂದು ಮಾತು ತುಂಬ ಓಡಾಡುತ್ತದೆ. ಕೀಳಡಿಯಲ್ಲಿ ದೇವರ ವಿಗ್ರಹ ಸಿಕ್ಕಿಲ್ಲ, ಆದ್ದರಿಂದ ಅದು ಮತವಿಲ್ಲದ ಸಮಾಜ ಅಂತ. 110 ಎಕರೆಯಲ್ಲಿ ಅಗೆದದ್ದು ಸಣ್ಣ ಪಾಲು. ಕುಶಲಕರ್ಮಿಗಳ ಬೀದಿಯಲ್ಲಿ ಅಗೆದು, ಗುಡಿ ಸಿಗಲಿಲ್ಲ ಆದ್ದರಿಂದ ಊರಲ್ಲೇ ಗುಡಿ ಇರಲಿಲ್ಲ ಎನ್ನಲು ಬರುತ್ತದೆಯೇ? ಹತ್ತಿರದ ಕೊಂದಗೈಯಲ್ಲಿ ಇದೇ ಜನ ತಮ್ಮವರನ್ನು ಗುಡಾಣಗಳಲ್ಲಿ ಮಡಕೆ ಕುಡಿಕೆಗಳ ಸಮೇತ ಹೂತಿದ್ದಾರೆ. ಸಾವಿನಾಚೆ ಏನೋ ಇದೆ ಅನ್ನುವ ನಂಬಿಕೆ ಇಲ್ಲದವರು ಹಾಗೆ ಹೂಳುವುದಿಲ್ಲ.

ಕೊಂದಗೈ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅಲ್ಲಿ ಸಿಕ್ಕ ಎರಡು ತಲೆಬುರುಡೆಗಳಿಂದ ಇಬ್ಬರು ಗಂಡಸರ ಮುಖಗಳನ್ನು ಇಂಗ್ಲೆಂಡಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದವರು 2025ರಲ್ಲಿ ಮೂಡಿಸಿ ತೋರಿಸಿದರು. ಮೂಳೆಗಳ ಡಿಎನ್‌ಎ ಕೆಲಸ ಮದುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದೆ. ಬಿಸಿಲು ನೆಲದಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಆದ್ದರಿಂದ ಸಿಗುವ ಚೂರುಪಾರಿನ ಮೇಲೆ ದೊಡ್ಡ ಮಾತು ಕಟ್ಟಬಾರದು.

ಇದು ನಮ್ಮದೂ ಪಾಡು

ವರದಿ ತಡವಾಗುವುದು ಕೀಳಡಿಗೆ ಮಾತ್ರ ಬಂದ ಕಷ್ಟವಲ್ಲ. ಹಾಗಂತ ಅದನ್ನು ಸಹಿಸಿಕೊಳ್ಳಬೇಕು ಎಂದಲ್ಲ. ಆದಿಚ್ಚನಲ್ಲೂರಿನಲ್ಲಿ 2004-05ರಲ್ಲಿ ಕೇಂದ್ರದವರು ಅಗೆದರು. ವರದಿಗಾಗಿ ಜನ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು, ಹದಿನೈದು ವರ್ಷದಷ್ಟು ಕಾಲ ಹೋಯಿತು. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ, ಅಶೋಕನ ಹೆಸರು ಬರೆದ ಅವನದೇ ಕೆತ್ತನೆ ಸಿಕ್ಕ ಆ ಸ್ತೂಪದ ಅಗೆತ ಶುರುವಾದದ್ದು 1990ರ ದಶಕದಲ್ಲಿ. ಪೂರ್ತಿ ವರದಿ ಬರಲು ಒಂದು ದಶಕಕ್ಕೂ ಜಾಸ್ತಿ ಬೇಕಾಯಿತು. ಅಷ್ಟರಲ್ಲಿ ಅದರ ಬಗ್ಗೆ ನಮ್ಮಲ್ಲಿ ಯಾರೂ ಗಟ್ಟಿಯಾಗಿ ಕೇಳಲೂ ಇಲ್ಲ. ತಮಿಳರು ಕೇಳುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಮೈಸೂರಿನ ಶಾಸನ ಶಾಖೆಯಲ್ಲಿದ್ದ ತಮಿಳು ಶಾಸನಗಳ ಅಚ್ಚುಪ್ರತಿಗಳನ್ನು ಚೆನ್ನೈಗೆ ಕಳಿಸುವಂತೆ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ 2021ರಲ್ಲಿ ಹೇಳಿದ್ದು ಅಂಥ ಒಂದು ಕೇಳಿಕೆಯಿಂದಲೇ. ಆಗ ಇಲ್ಲಿ ಕೆಲವರಿಗೆ ಬೇಜಾರಾಯಿತು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಓದುವವರು ಇರುವ ಕಡೆ ಶಾಸನ ಇರಲಿ.

ಇನ್ನು ಕಾಲದ ವಿಷಯದಲ್ಲಿ ಕರ್ನಾಟಕಕ್ಕೂ ತಮಿಳುನಾಡಿಗೂ ಹಳೆಯ ನಂಟಿದೆ. 1945ರಲ್ಲಿ ಆಗಿನ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಪುದುಚೇರಿ ಹತ್ತಿರದ ಅರಿಕಮೇಡು ಅಗೆದಾಗ ರೋಮಿನ ಮಡಕೆಗಳು ಸಿಕ್ಕವು. ಅವುಗಳ ಕಾಲ ಮೊದಲೇ ಗೊತ್ತಿತ್ತು. ಜೊತೆಗೆ ಸಿಕ್ಕ, ಒಳಗೆ ವೃತ್ತಾಕಾರದ ಗೆರೆಗಳಿರುವ ಸ್ಥಳೀಯ ಚಕ್ರಗೆರೆ ಮಡಕೆಗೂ ಅದರಿಂದ ಕಾಲ ಸಿಕ್ಕಿತು. 1947ರಲ್ಲಿ ಅದೇ ಬಗೆಯ ಮಡಕೆಯನ್ನು ಅವರು ಚಿತ್ರದುರ್ಗದ ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ ಕಂಡರು. ಅದರ ಮೇಲೆ ನಮ್ಮ ಕಬ್ಬಿಣ ಯುಗದ, ಶಾತವಾಹನರ ಕಾಲದ ಪದರಗಳಿಗೆ ಇಸವಿ ಕೊಟ್ಟರು. ಆಮೇಲಿನ ಸಂಶೋಧನೆ ಆ ಮಡಕೆಯನ್ನೂ, ಆ ಪದರಗಳನ್ನೂ ಇನ್ನಷ್ಟು ಹಿಂದಕ್ಕೆ ಒಯ್ದಿತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. ಆಗಲೂ ಹಲವರು ನಂಬಲಿಲ್ಲ. ಈಗ ಅದನ್ನು ಪಠ್ಯಪುಸ್ತಕದಲ್ಲಿ ಓದುತ್ತೇವೆ. ದಕ್ಷಿಣದ ಕಾಲಗಣನೆ ಎಪ್ಪತ್ತು ವರ್ಷಗಳಿಂದ ಒಂದೇ ದಿಕ್ಕಿನಲ್ಲಿ, ಹಿಂದಕ್ಕೆ, ಸರಿಯುತ್ತ ಬಂದಿದೆ. ಕೀಳಡಿಯ ಕಾಲವೂ ಕ್ರಿ.ಪೂ. 300ಕ್ಕಿಂತ ಚೆನ್ನಾಗಿ ಹಿಂದೆ ಹೋಗಿ ನಿಲ್ಲುತ್ತದೆ ಎಂದು ನಾನು ನಂಬಲು ಇದೂ ಒಂದು ಕಾರಣ. ಎಂಟನೇ ಶತಮಾನದವರೆಗೆ ಹೋಗುತ್ತದೆಯೇ ಅನ್ನುವುದನ್ನು ಪದರದ ಲೆಕ್ಕ ಹೇಳಬೇಕು.

ಆ ವರದಿ ಓದುಗರ ಕೈಗೆ ಬಂದಾಗ ನೇರವಾಗಿ ಕಾಲಮಾಪನದ ಪಟ್ಟಿಗೆ ಹೋಗಿ. ಪ್ರತಿ ಮಾದರಿಯ ಮುಂದೆ ಒಂದೇ ಇಸವಿ ಇದೆಯೇ, ಇಷ್ಟರಿಂದ ಇಷ್ಟು ಅನ್ನುವ ಅಗಲವೂ ಇದೆಯೇ ನೋಡಿ. ಮಾದರಿ ಬಂದದ್ದು ಬೇಗ ಸಾಯುವ ಕಾಳಿನಿಂದಲೋ, ನೂರಾರು ವರ್ಷ ಬಾಳಿದ ಮರದ ತೊಲೆಯಿಂದಲೋ ನೋಡಿ. ತೊಲೆಯಾದರೆ ಕಾಲ ಸುಮ್ನೆ ಹಿಂದಕ್ಕೆ ತೋರಿಸುತ್ತದೆ. ಆಮೇಲೆ ಗುಂಡಿಗಳ ಗೋಡೆಯ ಚಿತ್ರಗಳಲ್ಲಿ ಹೆಸರು ಕೆರೆದ ಚೂರುಗಳು ಸಿಕ್ಕ ಪದರವನ್ನು ಹುಡುಕಿ. ಅಲ್ಲಿಂದಲೇ ಒಂದು ಕಾಳೋ ಇದ್ದಿಲೋ ಅಳತೆಗೆ ಹೋಗಿದ್ದರೆ ಬರಹದ ಕಾಲದ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು. ಹೋಗಿಲ್ಲದಿದ್ದರೆ ಇನ್ನೂ ಅಗೆಯಲು ಜಾಗ ಬೇಕಾದಷ್ಟಿದೆ. ಆ 110 ಎಕರೆಯಲ್ಲಿ ಹೆಚ್ಚಿನದನ್ನು ಯಾರೂ ಮುಟ್ಟಿಲ್ಲ, ವೈಗೈ ದಂಡೆಯ 293 ಜಾಗಗಳಲ್ಲಿ ಬಹುಪಾಲು ಹಾಗೇ ಇವೆ.